ಲಂಡನ್ನೋ, ಸಿಸಿಲಿಯನ್ನೋ? ಚೆಸ್ ಓಪನಿಂಗ್ ಗೋಜಲಿನ ಹಿಂದಿನ ಕಥೆ

ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಮಕ್ಕಳನ್ನು ಚೆಸ್ ಕ್ಲಾಸಿಗೆ ಬಿಟ್ಟು ಹೊರಗೆ ಕಾಯುವ ಅಪ್ಪ-ಅಮ್ಮಂದಿರ ಮಾತು ಕೇಳಿ. ಒಬ್ಬರ ಮಗಳಿಗೆ ಲಂಡನ್ ಕಲಿಸುತ್ತಿದ್ದಾರಂತೆ, ಇನ್ನೊಬ್ಬರ ಮಗನಿಗೆ ಸಿಸಿಲಿಯನ್. ಎರಡೂ ಓಪನಿಂಗ್‌ಗಳು, ಅಂದರೆ ಆಟ ಶುರು ಮಾಡುವ ನಡೆಗಳ ಜೋಡಣೆಗಳು. ಯಾವುದು ಮೇಲು ಅನ್ನುವ ವಾದ ಕ್ಲಾಸ್ ಬಿಟ್ಟರೂ ಮುಗಿಯುವುದಿಲ್ಲ.

ನಮ್ಮ ಹಳೆಯ ಚದುರಂಗದಲ್ಲಿ ಈ ತಲೆನೋವು ಇಷ್ಟಿರಲಿಲ್ಲ. ಸಿಪಾಯಿ ಮೊದಲ ಸಲವೂ ಒಂದೇ ಮನೆ ನಡೆಯುತ್ತಿದ್ದ. ಯುರೋಪಿನಲ್ಲಿ 15ನೇ ಶತಮಾನದ ಕೊನೆಗೆ ಮಂತ್ರಿಗೂ ಒಂಟೆಗೂ ಉದ್ದಕ್ಕೆ ಓಡುವ ಬಲ ಬಂತು. ನಾಲ್ಕೇ ನಡೆಗೆ ರಾಜ ಸಿಕ್ಕಿಬೀಳಬಹುದು ಅಂದಾಗ ಶುರುವಿನ ನಡೆಗಳ ಲೆಕ್ಕಾಚಾರವೂ ಹುಟ್ಟಿತು. ಸ್ಪೇನಿನ ಪಾದ್ರಿ ರುಯ್ ಲೋಪೆಜ್ 1561ರಲ್ಲೇ ಪುಸ್ತಕ ಬರೆದರು. ಇಬ್ಬರೂ ರಾಜನ ಸಿಪಾಯಿಯನ್ನು ಎರಡು ಮನೆ ನೂಕಿ, ಒಂದೊಂದು ಕುದುರೆ ಹೊರಗೆ ತಂದ ಮೇಲೆ ಬಿಳಿಯ ಒಂಟೆ ಬಿ5ಕ್ಕೆ (ಬಿಳಿಯ ಕಡೆಯಿಂದ ನೋಡಿದರೆ ಎಡದಿಂದ ಎರಡನೇ ಸಾಲಿನ ಐದನೇ ಮನೆಗೆ) ಹೋದರೆ ಅದು ಅವರ ಹೆಸರಿನ ಓಪನಿಂಗ್. ಸಿ4ರಲ್ಲೇ ನಿಂತರೆ ಇಟಾಲಿಯನ್. ಅಲ್ಲಿಂದ ಒಂಟೆಯ ಕಣ್ಣು ಎಫ್7ರಲ್ಲಿರುವ ಕಪ್ಪು ಸಿಪಾಯಿಯ ಮೇಲೆ. ಆ ಸಿಪಾಯಿಗೆ ರಾಜನೊಬ್ಬನೇ ಕಾವಲು!

ನನಗೆ ಜಾಸ್ತಿ ಇಷ್ಟ 1850ರ ದಶಕದ ಕಲ್ಕತ್ತಾ. ಅಲ್ಲಿ ಮಹೇಶ್ಚಂದ್ರ ಬ್ಯಾನರ್ಜಿ ಎಂಬಾತ ಜಾನ್ ಕಾಕ್ರೇನ್ ಎಂಬ ವಕೀಲನ ಎದುರು ಸಾಕಷ್ಟು ಆಟ ಆಡಿದ. ಒಂದೊಂದೇ ಮನೆ ನಡೆಯುವ ಸಿಪಾಯಿಗಳ ಜೊತೆ ಪಳಗಿದ ಕೈ. ಹಲಗೆಯ ನಡುಭಾಗಕ್ಕೆ ಮುಗಿಬೀಳಲಿಲ್ಲ. ಜಿ ಸಿಪಾಯಿಯನ್ನು ಒಂದು ಮನೆ ಸರಿಸಿ, ಅದರ ಹಿಂದೆ ಒಂಟೆ ಕೂರಿಸಿದ. ಬಿಳಿ ಕಾಯಿಯವನು ನಡುಭಾಗ ಕಟ್ಟಿಕೊಳ್ಳಲಿ, ಆಮೇಲೆ ಒಡೆಯೋಣ ಅನ್ನುವ ಲೆಕ್ಕ. 'ಇಂಡಿಯನ್' ಎಂಬ ಹೆಸರು ಅಂಟಿದ್ದು ಇಂಥ ಆಟಗಳಿಂದಲೇ. ಅದರ ಬೆಲೆ ಯುರೋಪಿಗೆ ಸರಿಯಾಗಿ ಗೊತ್ತಾಗಿದ್ದು 1920ರ ದಶಕದಲ್ಲಿ. ಇವತ್ತು ಇದೇ ಜೋಡಣೆಯ ಕಿಂಗ್ಸ್ ಇಂಡಿಯನ್ ಓಪನಿಂಗ್ ಕಲಿಯುವ ನಮ್ಮ ಮಕ್ಕಳಿಗೆ ಈ ಕಥೆಯನ್ನೂ ಹೇಳಬಹುದಿತ್ತು, ಅಲ್ವಾ?

ಆಮೇಲೆ ಕಂಪ್ಯೂಟರ್ ಬಂತು. 2000ದ ವಿಶ್ವ ಚಾಂಪಿಯನ್ ಪಟ್ಟದ ಪಂದ್ಯದಲ್ಲಿ ರಷ್ಯಾದ ಕ್ರಾಮ್ನಿಕ್, ರುಯ್ ಲೋಪೆಜ್‌ಗೆ ಕಪ್ಪಿನ ಉತ್ತರವಾದ ಹಳೆಯ ಬರ್ಲಿನ್ ರಕ್ಷಣೆಯನ್ನು ದೂಳು ಕೊಡವಿ ತೆಗೆದಾಗ, ಚಾಂಪಿಯನ್ ಕ್ಯಾಸ್ಪರೋವ್‌ಗೆ ಇಡೀ ಪಂದ್ಯದಲ್ಲಿ ಒಂದು ಆಟವನ್ನೂ ಗೆಲ್ಲಲಾಗಲಿಲ್ಲ. ಮನೆಪಾಠದ, ಅಂದರೆ ಆಟಕ್ಕೆ ಮೊದಲೇ ಮನೆಯಲ್ಲಿ ಮಾಡಿಟ್ಟುಕೊಳ್ಳುವ ತಯಾರಿಯ ಬಲ ಎಲ್ಲರಿಗೂ ಕಂಡಿತು. ಈಗ ಅಂಥ ಪಾಠ ಫೋನಿನಲ್ಲೇ ಸಿಗುತ್ತದೆ. ಲಂಡನ್ ಇಷ್ಟು ಓಡುವುದಕ್ಕೂ ಕಾರಣವಿದೆ: ಬಿಳಿಯ ಸಿಪಾಯಿ ಡಿ4ಕ್ಕೆ, ಒಂಟೆ ಎಫ್4ಕ್ಕೆ. ಎದುರಿನವರು ಏನೇ ಆಡಲಿ, ಹೆಚ್ಚುಕಮ್ಮಿ ಅದೇ ಜೋಡಣೆ. ಬೇಗ ಕಲಿಸಬಹುದು, ಬೇಗ ಒಪ್ಪಿಸಬಹುದು.

ಮಗ್ಗಿಯಂತೆ ಹನ್ನೆರಡು ನಡೆ ಒಪ್ಪಿಸುವ ಮಗುವಿನ ಎದುರು, ಮೂರನೇ ನಡೆಗೇ ಯಾರೋ ಸುಮ್ನೆ ಅಂಚಿನ ಸಿಪಾಯಿ ನೂಕುತ್ತಾರೆ. ಮಗು ಹಲಗೆ ಬಿಟ್ಟು ಬಾಗಿಲ ಕಡೆ ನೋಡುತ್ತದೆ.