ಹಲ್ಲುನೋವು ತಾನಾಗೇ ನಿಂತರೆ ಖುಷಿಪಡಬೇಡಿ

ನಾಲ್ಕು ದಿನ ರಾತ್ರಿ ನಿದ್ದೆ ಕೆಡಿಸಿದ ಹಲ್ಲುನೋವು ಐದನೇ ದಿನ ತಾನಾಗೇ ಮಾಯವಾದರೆ ಹೆಚ್ಚಿನವರು "ಸದ್ಯ, ಡಾಕ್ಟರ್ ದುಡ್ಡು ಉಳೀತು" ಅಂದುಕೊಳ್ಳುತ್ತಾರೆ. ಲವಂಗದ ಎಣ್ಣೆಗೆ ಒಂದು ಸರ್ಟಿಫಿಕೇಟೂ ಸಿಗುತ್ತದೆ. ಆದರೆ ಅಷ್ಟು ಜೋರಾಗಿದ್ದ ನೋವು ಹಾಗೆ ನಿಂತರೆ, ಹಲ್ಲಿನೊಳಗಿನ ನರ ಸತ್ತಿರುವ ಸಾಧ್ಯತೆಯೇ ಜಾಸ್ತಿ. ಸೋಂಕು ಮಾತ್ರ ಬೇರಿನ ತುದಿಯ ಕಡೆ ಇಳಿಯುತ್ತಲೇ ಇರುತ್ತದೆ.

ಹಲ್ಲಿನ ನೋವು ಯಾವತ್ತೂ ತಡವಾಗಿಯೇ ಬರುತ್ತದೆ. ಮೇಲಿನ ಬಿಳಿ ಕವಚ, ಅಂದರೆ ಎನಾಮಲ್, ನಮ್ಮ ದೇಹದಲ್ಲೇ ಅತಿ ಗಟ್ಟಿ ವಸ್ತು. ತೂಕದಲ್ಲಿ ಸುಮಾರು ಶೇಕಡಾ 96ರಷ್ಟು ಪಾಲು ಬರೀ ಖನಿಜ, ನರ ಒಂದೂ ಇಲ್ಲ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಟ್ಟು, ಹಲ್ಲಿನ ಮೇಲಿನ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಆಮ್ಲ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲ್ ಕರಗತೊಡಗುತ್ತದೆ, ಆಮೇಲೆ ಜೊಲ್ಲು ಬಂದು ಆಮ್ಲ ತಗ್ಗಿಸಿ ಒಂದಷ್ಟು ಕ್ಯಾಲ್ಸಿಯಂ ವಾಪಸ್ ಸೇರಿಸುತ್ತದೆ, ದಿನವಿಡೀ ಇದೇ ಹಗ್ಗಜಗ್ಗಾಟ. ಕರಗುವುದು ಜಾಸ್ತಿಯಾದರೆ ಮೊದಲು ಕಾಣುವುದು ಕಪ್ಪಲ್ಲ, ಬಿಳಿ. ಹಲ್ಲು ಒರೆಸಿ ಒಣಗಿಸಿ ನೋಡಿದರೆ ವಸಡಿನ ಅಂಚಲ್ಲಿ ಸೀಮೆಸುಣ್ಣದಂಥ ಮಂಕು ಮಚ್ಚೆ ಕಾಣುತ್ತದೆ. ಈ ಹಂತದಲ್ಲಿ ಡ್ರಿಲ್ ಬೇಕಿಲ್ಲ. ಫ್ಲೋರೈಡ್ ಪೇಸ್ಟ್ ಹಚ್ಚಿ, ಪದೇ ಪದೇ ಸಿಹಿ ತಿನ್ನುವುದನ್ನು ಬಿಟ್ಟರೆ ಅಲ್ಲಿಗೇ ನಿಲ್ಲಿಸಬಹುದು. ತೂತು ಬಿದ್ದ ಮೇಲೆ ಆಗುವುದಿಲ್ಲ, ಯಾಕೆಂದರೆ ಎನಾಮಲ್ ತಯಾರಿಸುವ ಕೋಶಗಳು ಹಲ್ಲು ಹುಟ್ಟುವ ಹೊತ್ತಿಗೇ ಇಲ್ಲವಾಗಿರುತ್ತವೆ.

ಇನ್ನು ನೋವಿನ ವಿಷಯ. ಎನಾಮಲ್ ಕೆಳಗಿನ ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳಿವೆ, ಅವುಗಳಲ್ಲಿ ದ್ರವ ಇದೆ. ಐಸ್‌ಕ್ರೀಮ್ ತಾಗಿದಾಗ ಆ ದ್ರವ ಸರಿದಾಡಿ ನರಕ್ಕೆ ಚುರುಕು ಮುಟ್ಟಿಸುತ್ತದೆ. ಜುಂ ಅಂದು ಒಂದೆರಡು ಕ್ಷಣದಲ್ಲೇ ಹೋದರೆ ಹಲ್ಲು ಸವೆದಿರಬಹುದು, ವಸಡು ಸರಿದಿರಬಹುದು, ಸಣ್ಣ ಹುಳುಕೂ ಇರಬಹುದು. ಹುಳುಕಾದರೂ ಸಾಮಾನ್ಯವಾಗಿ ಸಿಮೆಂಟ್ ಹಾಕಿಸಿಕೊಂಡರೆ ಸಾಕು. ತಣ್ಣಗಿನದು ಗಂಟಲಿಗಿಳಿದು ಅರ್ಧ ನಿಮಿಷವಾದರೂ ನೋವು ಬಿಡದಿದ್ದರೆ ನರ ಚೇತರಿಸಿಕೊಳ್ಳಲಾಗದಷ್ಟು ಕೆಟ್ಟಿರುವ ಲಕ್ಷಣ, ಮಾತು ರೂಟ್ ಕೆನಾಲ್ ಕಡೆ, ಅಂದರೆ ಕೆಟ್ಟ ನರ ತೆಗೆದು ಒಳಗೆ ತುಂಬಿ ಮುಚ್ಚುವ ಚಿಕಿತ್ಸೆಯ ಕಡೆ ಹೋಗುತ್ತದೆ. ಮಲಗಿದಾಗ ನೋವು ಏರುವುದೂ ಇದೇ ಗುಂಪಿನದು. ತಲೆಯ ಕಡೆ ರಕ್ತದ ಒತ್ತಡ ಹೆಚ್ಚುತ್ತದೆ, ಊದಿಕೊಳ್ಳಲು ಗಟ್ಟಿ ಹಲ್ಲಿನೊಳಗೆ ಜಾಗವೇ ಇಲ್ಲ. ಬಿಸಿ ಕಾಫಿಗೆ ಜೀವ ಹೋಗುವಷ್ಟು ನೋವು, ತಣ್ಣೀರಿಗೆ ಆರಾಮ, ಹಾಗಾಗಿ ತಣ್ಣೀರಿನ ಬಾಟಲಿ ಹಿಡಿದು ಗುಟುಕು ಗುಟುಕಾಗಿ ಬಾಯಲ್ಲಿಟ್ಟುಕೊಂಡೇ ಕ್ಲಿನಿಕ್‌ಗೆ ಬರುವವರನ್ನು ನೋಡಿದರೆ ದಂತವೈದ್ಯರಿಗೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಯಾವ ಹಲ್ಲು ಅಂತ ಹೇಳಲಾಗದಿದ್ದರೆ ಗಾಬರಿ ಬೇಡ, ನರದ ನೋವು ಮೇಲಿನದೋ ಕೆಳಗಿನದೋ ಅಂತಲೂ ತಿಳಿಯಲು ಬಿಡುವುದಿಲ್ಲ. ಸೋಂಕು ಬೇರಿನ ಹೊರಗೆ ಬಂದಾಗ ಮಾತ್ರ ಬೆರಳಿಟ್ಟು ತೋರಿಸಬಹುದು, ಕಚ್ಚಿದರೆ ಆ ಹಲ್ಲೊಂದೇ ಎತ್ತರವಾದಂತೆ ಅನ್ನಿಸುತ್ತದೆ. ವಸಡಿನಲ್ಲಿ ಸಣ್ಣ ಗುಳ್ಳೆಯಾಗಿ ಕೀವು ಜಿನುಗುತ್ತಿದ್ದರಂತೂ ಸಾಮಾನ್ಯವಾಗಿ ನೋವೇ ಇರುವುದಿಲ್ಲ, ಒತ್ತಡ ಹೊರಗೆ ಹೋಗುತ್ತಿರುತ್ತದಲ್ವಾ. ಮುಖ ಊದಿ, ಜ್ವರ ಬಂದು, ನುಂಗಲು ಕಷ್ಟವಾದರೆ ಮಾತ್ರ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಅಡಿಕೆ ಕಡಿಯುವವರಿಗೆ, ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಇನ್ನೊಂದು ಕಾಟ: ಬಿರುಕು. ಕಚ್ಚುವಾಗ ಸುಮ್ಮನಿದ್ದು, ಬಾಯಿ ಬಿಡುವಾಗ ಚುಳ್ ಅನ್ನುವುದು ಇದರ ಗುರುತು. ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ಆಗ ಹಲ್ಲಿನ ಒಂದೊಂದೇ ಮೂಲೆಯಲ್ಲಿ ಗಟ್ಟಿ ತುಂಡು ಕಚ್ಚಿಸಿ ಹುಡುಕುತ್ತಾರೆ.

ಕಂದು ಕಲೆ ಕಂಡ ಕೂಡಲೇ ಹುಳುಕು ಅಂದುಕೊಳ್ಳುವುದೂ ತಪ್ಪು. ಕೋಲಾರ, ಪಾವಗಡ, ಮುಂಡರಗಿ ಕಡೆ ಫ್ಲೋರೈಡ್ ಜಾಸ್ತಿಯಿರುವ ಬೋರ್‌ವೆಲ್ ನೀರು ಕುಡಿದು ಬೆಳೆದವರ ಹಲ್ಲಲ್ಲಿ ಕಂದು ಪಟ್ಟೆಗಳಿರುತ್ತವೆ, ಸಾಮಾನ್ಯವಾಗಿ ಎಡಕ್ಕೂ ಬಲಕ್ಕೂ ಒಂದೇ ತರಹ. ಹುಳುಕಿಗೆ ಆ ಶಿಸ್ತಿಲ್ಲ. ಅದು ಕನ್ನಡಿಗೆ ಕಾಣದ ಕಡೆ, ಎರಡು ಹಲ್ಲುಗಳ ನಡುವೆ, ಹಳೇ ಸಿಮೆಂಟಿನ ಅಂಚಲ್ಲಿ ಕೂತಿರುತ್ತದೆ. ದಿನಾ ಒಂದೇ ಸಂದಿಯಲ್ಲಿ ಊಟ ಸಿಕ್ಕಿಕೊಳ್ಳುತ್ತಿದ್ದರೆ, ಫ್ಲಾಸ್ ದಾರ ಅಲ್ಲೇ ಎಳೆಎಳೆಯಾಗಿ ಹರಿಯುತ್ತಿದ್ದರೆ ತೋರಿಸಿ.

ರೂಟ್ ಕೆನಾಲ್ ಮುಗಿದ ಮೇಲೆ "ನೋವೇ ಇಲ್ಲವಲ್ಲ, ಕ್ಯಾಪ್ ಯಾಕೆ" ಅಂತ ತಿಂಗಳುಗಟ್ಟಲೆ ಮುಂದೂಡುವವರು ಬಹಳ. ಗಟ್ಟಿಯಾಗಿ ಉಳಿದಿರುವ ಮುಂದಿನ ಹಲ್ಲಿಗೆ ಕ್ಯಾಪ್ ಇಲ್ಲದೆಯೂ ನಡೆಯಬಹುದು. ದವಡೆ ಹಲ್ಲಿನ ಮಾತು ಬೇರೆ. ಒಳಗೆಲ್ಲ ಕೊರೆದು ಗೋಡೆ ತೆಳ್ಳಗಾಗಿರುತ್ತದೆ, ಅಗಿಯುವ ಭಾರವೆಲ್ಲ ಅದರ ಮೇಲೇ ಬೀಳುತ್ತದೆ. ಒಂದು ದಿನ ಚಕ್ಕುಲಿ ಕಡಿದಾಗ ಬೇರಿನವರೆಗೆ ಸೀಳಿದರೆ, ಹೆಚ್ಚಿನ ಸಲ ಕೀಳಿಸುವುದೊಂದೇ ದಾರಿ.