ಎರೆಹುಳು ಎಲ್ಲಿಯದು ಅಂತ ಕೇಳಿ

ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದೊಳಗೆ 2021ರಲ್ಲಿ ಆಕ್ಸಲಾಟಲ್ ಎಂಬ ನೀರಿನ ಪ್ರಾಣಿ ಬಂತು. ಆಮೇಲೆ ಎಷ್ಟೋ ಮನೆಗಳಲ್ಲಿ ಮಕ್ಕಳು 'ನಂಗೂ ಒಂದು ಬೇಕು' ಅಂತ ಹಟ ಹಿಡಿದರು. ಆಟದಲ್ಲಿ ಅದಕ್ಕೆ ಬಣ್ಣಬಣ್ಣದ ಮೀನು ತಿನ್ನಿಸುತ್ತಾರೆ. ನಿಜವಾದ ಆಕ್ಸಲಾಟಲ್‌ಗೆ ಒಳ್ಳೆಯ ಊಟ ಅಂದರೆ ಎರೆಹುಳು. ಅಂಗಡಿಯ ಗೋಲ್ಡ್‌ಫಿಶ್ ಹಾಕುವುದು ಕೆಟ್ಟ ಅಭ್ಯಾಸ. ಅದರ ಜೊತೆ ರೋಗ ಬರಬಹುದು. ಬಿ1 ಜೀವಸತ್ವವನ್ನು ಹಾಳು ಮಾಡುವ ಕಿಣ್ವವೂ ಆ ಮೀನಿನಲ್ಲಿದೆ.

ಮೆಕ್ಸಿಕೋ ಸಿಟಿಯ ಸೋಚಿಮಿಲ್ಕೋ ಕಾಲುವೆಗಳು ಆಕ್ಸಲಾಟಲ್‌ನ ತವರು. ಇದು ಸಲಮಾಂಡರ್ ಜಾತಿಯದು, ಕಪ್ಪೆಗೆ ದೂರದ ನೆಂಟ. ಗೊದಮೊಟ್ಟೆ ಬೆಳೆದು ಕಪ್ಪೆಯಾಗಿ ದಡ ಹತ್ತುತ್ತದೆ. ಇದು ಹಾಗಲ್ಲ. ಮರಿಯಾಗಿದ್ದಾಗಿನ ಕಿವಿರನ್ನು ಬಿಡದೆ, ನೀರಲ್ಲೇ ದೊಡ್ಡದಾಗಿ, ನೀರಲ್ಲೇ ಮೊಟ್ಟೆ ಇಡುತ್ತದೆ. ತವರಿನಲ್ಲಿ ಈಗ ಅಳಿವಿನ ಅಂಚಿಗೆ ಬಂದಿದೆ. ಗಾಜಿನ ತೊಟ್ಟಿಗಳಲ್ಲಿ ಮಾತ್ರ ಪ್ರಪಂಚದ ತುಂಬಾ ಇದೆ.

ಅದು ತಿನ್ನುವ ರೀತಿ ನೋಡಬೇಕು. ಕಣ್ಣು ಅಷ್ಟೇನೂ ಚುರುಕಲ್ಲ. ವಾಸನೆ ಹಿಡಿಯುತ್ತದೆ, ನೀರಿನ ಅಲುಗಾಟ ಗುರುತಿಸುತ್ತದೆ. ಹುಳು ಹತ್ತಿರ ಬಂದ ಕೂಡಲೇ ಬಾಯಿ ಅಗಲಿಸಿ ಗಂಟಲ ತಳವನ್ನು ಕೆಳಗೆ ಎಳೆದುಕೊಳ್ಳುತ್ತದೆ. ನೀರು ಒಳಗೆ ನುಗ್ಗುತ್ತದೆ, ಅದರ ಜೊತೆ ಹುಳುವೂ. ಹಲ್ಲುಗಳು ಪುಟಾಣಿ. ಹಿಡಿದುಕೊಳ್ಳಲು ಸಾಕು, ಅಗಿಯಲು ಸಾಲದು. ಅಂದರೆ ಬಾಯಿಗೆ ಬಂದದ್ದು ಇಡಿಯಾಗಿ ಹೊಟ್ಟೆಗೆ. ತೊಟ್ಟಿಯ ತಳದ ಸಣ್ಣ ಕಲ್ಲು ನುಂಗಿ ಕರುಳು ಕಟ್ಟಿಕೊಳ್ಳುವುದೂ ಹೀಗೆಯೇ. ಎರೆಹುಳು ಮೆತ್ತಗಿದೆ, ಗಟ್ಟಿ ಚಿಪ್ಪಿಲ್ಲ, ಪ್ರೋಟೀನ್ ಜಾಸ್ತಿ. ಅದಕ್ಕೇ ಅಷ್ಟು ಚೆನ್ನಾಗಿ ಹೊಂದುತ್ತದೆ.

ಹಾಗಾದರೆ ಹಿತ್ತಲಲ್ಲಿ ಅಗೆದು ಹಾಕಿಬಿಡಬಹುದಾ? ಹಾಕಬಹುದು, ಹಿತ್ತಲು ಎಂಥದ್ದು ಅಂತ ಗೊತ್ತಿದ್ದರೆ. ಎರೆಹುಳು ಮಣ್ಣನ್ನೇ ತಿಂದು ಬದುಕುವ ಜೀವ. ಮಣ್ಣಿನಲ್ಲಿರುವ ಸೀಸ, ಕ್ಯಾಡ್ಮಿಯಂ, ಕೀಟನಾಶಕ ಅದರ ಮೈಯಲ್ಲಿ ಸೇರಿಕೊಳ್ಳುತ್ತವೆ. ಹುಳು ಸಾಯದೇ ಇರಬಹುದು, ತಿಂದವರ ಕಥೆ ಬೇರೆ. 1950ರ ದಶಕದಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಆವರಣದಲ್ಲಿ ಎಲ್ಮ್ ಮರಗಳ ರೋಗ ತಡೆಯಲು ಡಿಡಿಟಿ ಸಿಂಪಡಿಸಿದರು. ಎಲೆ ಉದುರಿತು, ಎರೆಹುಳುಗಳು ತಿಂದವು. ವಸಂತದಲ್ಲಿ ಬಂದ ರಾಬಿನ್ ಹಕ್ಕಿಗಳು ಆ ಹುಳುಗಳನ್ನು ತಿಂದು ನಡುಗುತ್ತಾ ಸತ್ತವು. ಸಿಂಪಡಿಸಿ ತಿಂಗಳುಗಳೇ ಕಳೆದಿದ್ದವು. ಹಾಗಾಗಿ 'ಈ ವಾರ ಔಷಧಿ ಹೊಡೆದಿಲ್ಲ' ಅನ್ನುವ ಸಮಾಧಾನ ಸಾಲದು. ಪಕ್ಕದ ಮನೆಯವರು ಹುಲ್ಲುಹಾಸಿಗೆ ಏನು ಹಾಕಿದ್ದಾರೆ ಅಂತಲೂ ಕೇಳಬೇಕು. ರಸ್ತೆ ಬದಿಯ ಮಣ್ಣು ಬೇಡವೇ ಬೇಡ.

ಶುದ್ಧ ಮಣ್ಣಿನ ಹುಳುವನ್ನೂ ನೇರವಾಗಿ ಹಾಕುವುದಿಲ್ಲ. ತೊಳೆದು, ಒದ್ದೆ ಕಾಗದದಲ್ಲಿ ಒಂದು ದಿನ ಇಟ್ಟರೆ ಹೊಟ್ಟೆಯೊಳಗಿನ ಮಣ್ಣು ಹೊರಬೀಳುತ್ತದೆ. ಮೈಯಲ್ಲಿ ಸೇರಿದ ವಿಷ ಇದರಿಂದ ಹೋಗುವುದಿಲ್ಲ, ನೆನಪಿರಲಿ.

ಹಿತ್ತಲಿನ ಉಳಿದ ಜೀವಿಗಳಲ್ಲಿ ಹೆಚ್ಚಿನವು ಬೇಡ. ಬಸವನಹುಳು ಪರೋಪಜೀವಿಗಳ ಮನೆ, ಜೊತೆಗೆ ಚಿಪ್ಪು. ಮಿಂಚುಹುಳುವಿನಲ್ಲಿ ಹೃದಯಕ್ಕೆ ತಾಗುವ ವಿಷವಿದೆ. ಏರೋಪ್ಲೇನ್ ಚಿಟ್ಟೆಯ ಮರಿ ನೀರಿನಲ್ಲಿ ತಾನೇ ಬೇಟೆಗಾರ. ಎಳೆಯ ಆಕ್ಸಲಾಟಲ್‌ನ ಕಿವಿರನ್ನೇ ಕಚ್ಚೀತು. ಗೊದಮೊಟ್ಟೆ ಹಾಕುವುದಂತೂ ದೊಡ್ಡ ತಪ್ಪು. ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರ ಇವುಗಳ ಮೂಲಕ ತೊಟ್ಟಿಗೆ ಬರಬಹುದು. ಸೊಳ್ಳೆ ಮರಿ ಚಿಕ್ಕ ಆಕ್ಸಲಾಟಲ್‌ಗೆ ಒಳ್ಳೆಯದೇ. ಹೊಸದಾಗಿ ಹುಟ್ಟಿದವು ಅಲುಗಾಡುವುದನ್ನು ಮಾತ್ರ ತಿನ್ನುತ್ತವೆ. ಆದರೆ ಮಿಕ್ಕಿದ ಮರಿಗಳು ರೆಕ್ಕೆ ಬಿಟ್ಟು ಹಾರಿದರೆ ಮನೆಯವರ ಬೈಗುಳ ಗ್ಯಾರಂಟಿ.

ನಮ್ಮಲ್ಲಿ ಅಗೆಯುವುದಕ್ಕಿಂತ ಸುಲಭದ ದಾರಿ ಎರೆಗೊಬ್ಬರದ ತೊಟ್ಟಿ. ಕರ್ನಾಟಕದ ರೈತರು ಐಸೀನಿಯಾ ಫೆಟಿಡಾ, ಯೂಡ್ರಿಲಸ್ ಯುಜೀನಿಯೆ ಎಂಬ ಹುಳುಗಳನ್ನು ಸಾಕುತ್ತಾರೆ. ಇವುಗಳಲ್ಲಿ ಮೊದಲನೆಯದನ್ನು ಆಕ್ಸಲಾಟಲ್ ಅನೇಕ ಸಲ ಬಾಯಿಗೆಳೆದು ಥೂ ಅಂತ ಉಗಿದುಬಿಡುತ್ತದೆ. ಕೆಣಕಿದರೆ ಈ ಹುಳು ನಾರುವ ಹಳದಿ ದ್ರವ ಸುರಿಸುತ್ತದೆ, ಅದೇ ಅದರ ಆಯುಧ. ಯೂಡ್ರಿಲಸ್ ದೊಡ್ಡದು, ಸಾಮಾನ್ಯವಾಗಿ ತಕರಾರಿಲ್ಲದೆ ಒಳಹೋಗುತ್ತದೆ. ಚಿಕ್ಕ ಪ್ರಾಣಿಗಾದರೆ ತುಂಡು ಮಾಡಿ ಕೊಡಬೇಕು. ಬೆಳೆದದ್ದಕ್ಕೆ ವಾರಕ್ಕೆ ಎರಡು ಮೂರು ಸಲ ಹಾಕಿದರೆ ಸಾಕು. 16ರಿಂದ 18 ಡಿಗ್ರಿಯ ತಣ್ಣನೆ ನೀರಿನಲ್ಲಿ ಜೀರ್ಣವಾಗುವುದು ನಿಧಾನ. ಗೊಬ್ಬರದ ತೊಟ್ಟಿಯವರನ್ನೂ ಒಂದು ಮಾತು ಕೇಳಿ: ಸಗಣಿ ಹಾಕಿದ ಹಸುವಿಗೆ ಈಚೆಗೆ ಜಂತುಹುಳದ ಔಷಧಿ ಕೊಟ್ಟಿದ್ದರಾ? ಐವರ್ಮೆಕ್ಟಿನ್‌ನಂಥ ಔಷಧಿಯ ಬಹುಪಾಲು ಸಗಣಿಯಲ್ಲೇ ಹೊರಬರುತ್ತದೆ, ಹುಳು ತಿನ್ನುವುದೂ ಅದನ್ನೇ.