ಓದುಗರ ಪ್ರಶ್ನೆ: ಸ್ಟಾರ್ ಆಟಗಾರನನ್ನು ಕೊಳ್ಳುವುದಾ, ಹುಡುಗರಿಗಾಗಿ ಕಾಯುವುದಾ?

ಪ್ರಶ್ನೆ: ಮೇರಿಲ್ಯಾಂಡ್‌ಗೆ ಬಂದ ಮೇಲೆ ಮಕ್ಕಳ ಜೊತೆ ಬಾಲ್ಟಿಮೋರ್ ಓರಿಯೋಲ್ಸ್ ಬೇಸ್‌ಬಾಲ್ ತಂಡದ ಆಟ ನೋಡುತ್ತಾ ನಾನೂ ಅಭಿಮಾನಿಯಾದೆ. ಒಂದು ವಿಷಯ ಮಾತ್ರ ತಲೆಗೆ ಹತ್ತುವುದಿಲ್ಲ. ಪ್ರತಿ ಚಳಿಗಾಲದಲ್ಲೂ ದೊಡ್ಡ ದೊಡ್ಡ ಆಟಗಾರರು ಮಾರುಕಟ್ಟೆಗೆ ಬರುತ್ತಾರೆ. ನಮ್ಮ ತಂಡ ‘ನಮ್ಮಲ್ಲಿ ಒಳ್ಳೆಯ ಹುಡುಗರಿದ್ದಾರೆ’ ಎಂದು ಕೂತುಬಿಡುತ್ತದೆ. ದುಡ್ಡು ಕೊಟ್ಟು ಸ್ಟಾರ್‌ಗಳನ್ನು ತಂದರೆ ಏನು ಕಷ್ಟ? ಕಾರ್ಬಿನ್ ಬರ್ನ್ಸ್‌ನಂಥ ಪಿಚರ್‌ನನ್ನು (ಚೆಂಡೆಸೆಯುವವನನ್ನು) ಬಿಟ್ಟುಕೊಟ್ಟಿದ್ದು ಯಾಕೆ?

ಉತ್ತರ: ನವೆಂಬರ್ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ತಂಡದ ಹೆಸರು ಮಾತ್ರ ಬದಲಾಗುತ್ತದೆ.

ನಮಗೆ ಇದು ವಿಚಿತ್ರ ಅನಿಸುವುದಕ್ಕೆ ಒಂದು ಕಾರಣ ಐಪಿಎಲ್. ಅಲ್ಲಿ ಹರಾಜು ನಡೆದರೆ ಹಳಬ, ಹೊಸಬ ಎಲ್ಲರೂ ಒಂದೇ ಪಟ್ಟಿಯಲ್ಲಿ ಇರುತ್ತಾರೆ. 2024ರ ನವೆಂಬರ್‌ನಲ್ಲಿ 13 ವರ್ಷದ ವೈಭವ್ ಸೂರ್ಯವಂಶಿಯನ್ನು ರಾಜಸ್ಥಾನ ತಂಡ 1.1 ಕೋಟಿಗೆ ಕೊಂಡಿತು. ಬೇರೆ ತಂಡಗಳೂ ಬೇಕಿದ್ದರೆ ಕೈ ಎತ್ತಬಹುದಿತ್ತು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಹಾಗಿಲ್ಲ. ಅಲ್ಲಿ ಡ್ರಾಫ್ಟ್ ಎಂಬುದಿದೆ, ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುತ್ತವೆ. ಹಾಗೆ ಹುಡುಗನನ್ನು ಆರಿಸಿ ಸಹಿ ಹಾಕಿಸಿಕೊಂಡ ತಂಡಕ್ಕೇ ಅವನು ಸೇರಿದವನು. ಮೊದಲು ಕೆಲವು ವರ್ಷ ಆ ತಂಡದ ಕೆಳಹಂತದ ಮೈನರ್ ಲೀಗ್ ತಂಡಗಳಲ್ಲಿ ಆಡಬೇಕು. ಮೇಜರ್ ಲೀಗ್‌ಗೆ ಬಂದ ಮೇಲೂ ಆರು ವರ್ಷ ಸೇವೆ ಮುಗಿಸಬೇಕು. ಆಮೇಲಷ್ಟೇ ಅವನು ಫ್ರೀ ಏಜೆಂಟ್, ಅಂದರೆ ತನಗೆ ಬೇಕಾದ ತಂಡದ ಜೊತೆ ಚೌಕಾಸಿ ಮಾಡಬಹುದು.

ಆ ಆರು ವರ್ಷದಲ್ಲಿ ಮೊದಲ ಮೂರು ವರ್ಷ ಸಂಬಳ ಹೆಚ್ಚುಕಡಿಮೆ ತಂಡ ಹೇಳಿದ್ದೇ. 2025ರಲ್ಲಿ ಕನಿಷ್ಠ ಸಂಬಳ 7.6 ಲಕ್ಷ ಡಾಲರ್. ನಮಗೆ ಅದೇ ತಲೆ ತಿರುಗಿಸುವ ಮೊತ್ತ, ಆದರೆ ಅಲ್ಲಿನ ಲೆಕ್ಕದಲ್ಲಿ ಚಿಲ್ಲರೆ. ಮುಂದಿನ ಮೂರು ವರ್ಷ ಆರ್ಬಿಟ್ರೇಷನ್. ಸಂಬಳ ಒಪ್ಪಿಗೆಯಾಗದಿದ್ದರೆ ಪಂಚರ ಮುಂದೆ ಹೋಗಬಹುದು, ತಂಡ ಬಿಟ್ಟು ಹೋಗುವಂತಿಲ್ಲ.

ಇದು ಗೊತ್ತಾದರೆ ನಿಮ್ಮ ಪ್ರಶ್ನೆಯ ರೂಪವೇ ಬದಲಾಗುತ್ತದೆ. ‘ಪ್ರಾಸ್ಪೆಕ್ಟ್’ ಎಂದು ಕರೆಸಿಕೊಳ್ಳುವ ಭರವಸೆಯ ಹುಡುಗ ಮತ್ತು ಫ್ರೀ ಏಜೆಂಟ್ ಸ್ಟಾರ್, ಇಬ್ಬರೂ ಬಹಳ ಸಲ ಒಬ್ಬನೇ ಮನುಷ್ಯ, ಏಳೆಂಟು ವರ್ಷದ ಅಂತರದಲ್ಲಿ. ತಂಡ ಕೊಳ್ಳುವುದು ಅವನ ಯಾವ ವಯಸ್ಸನ್ನು ಅನ್ನುವುದೇ ವಿಷಯ. ಕ್ರಿಸ್ ಬ್ರ್ಯಾಂಟ್‌ನ ಕಥೆ ಕೇಳಿ.

2013ರ ಡ್ರಾಫ್ಟ್‌ನಲ್ಲಿ ಶಿಕಾಗೊ ಕಬ್ಸ್ ಎರಡನೇ ಆಯ್ಕೆಯಾಗಿ ಅವನನ್ನು ತೆಗೆದುಕೊಂಡಿತು. ಸಹಿ ಹಾಕಿದ್ದಕ್ಕೆ 67 ಲಕ್ಷ ಡಾಲರ್ ಕೊಟ್ಟಿತು. 2015ರ ವಸಂತದ ಅಭ್ಯಾಸ ಪಂದ್ಯಗಳಲ್ಲಿ ಅವನು ಒಂಬತ್ತು ಹೋಮ್ ರನ್ (ನಮ್ಮ ಸಿಕ್ಸರ್ ಇದ್ದಂತೆ) ಹೊಡೆದ. ಆದರೂ ಸೀಸನ್ ಶುರುವಾದಾಗ ತಂಡದಲ್ಲಿ ಅವನಿಲ್ಲ! ಫೀಲ್ಡಿಂಗ್ ಇನ್ನೂ ಸುಧಾರಿಸಬೇಕು ಎಂದು ಮೈನರ್ ಲೀಗ್‌ಗೆ ಕಳಿಸಿದರು. ಏಪ್ರಿಲ್ 17ಕ್ಕೆ ವಾಪಸ್ ಕರೆದರು. ಎರಡು ವಾರದೊಳಗೆ ಫೀಲ್ಡಿಂಗ್ ಸರಿಹೋಯಿತಂತೆ.

ನಿಜವಾದ ಲೆಕ್ಕ ಬೇರೆ. ಒಂದು ಸೀಸನ್‌ನಲ್ಲಿ 172 ದಿನ ಮೇಜರ್ ಲೀಗ್ ಪಟ್ಟಿಯಲ್ಲಿದ್ದರೆ ಒಂದು ವರ್ಷದ ಸೇವೆ ಪೂರ್ತಿ. ಆ ವರ್ಷ ಬ್ರ್ಯಾಂಟ್‌ಗೆ ಸಿಕ್ಕಿದ್ದು 171. ಒಂದೇ ಒಂದು ದಿನ ಕಡಿಮೆ. ಹಾಗಾಗಿ ಅವನು ಫ್ರೀ ಏಜೆಂಟ್ ಆಗುವುದು 2020ರ ಬದಲು 2021ರ ಕೊನೆಗೆ ಹೋಯಿತು. ಅವನು ದೂರು ಕೊಟ್ಟ. 2020ರ ಆರಂಭದಲ್ಲಿ ತೀರ್ಪು ಬಂತು, ತಂಡದ ಪರವಾಗಿ.

ಈ ನಡುವೆ ಅವನು 2015ರಲ್ಲಿ ವರ್ಷದ ಹೊಸ ಆಟಗಾರ ಪ್ರಶಸ್ತಿ ಗೆದ್ದ. 2016ರಲ್ಲಿ ನ್ಯಾಷನಲ್ ಲೀಗ್‌ನ ಅತ್ಯುತ್ತಮ ಆಟಗಾರ. ಅದೇ ವರ್ಷ ಕಬ್ಸ್ 108 ವರ್ಷಗಳ ನಂತರ ವರ್ಲ್ಡ್ ಸೀರೀಸ್, ಅಂದರೆ ಲೀಗ್‌ನ ಅಂತಿಮ ಸರಣಿ, ಗೆದ್ದಿತು. ಆ ಸಾಲಿನ ಅವನ ಸಂಬಳ 6.52 ಲಕ್ಷ ಡಾಲರ್. ಅದೇ ತಂಡದಲ್ಲಿ ಜಾನ್ ಲೆಸ್ಟರ್ ಎಂಬ ಪಿಚರ್ ಇದ್ದ. ಅವನನ್ನು ಮಾರುಕಟ್ಟೆಯಿಂದ ಆರು ವರ್ಷಕ್ಕೆ 15.5 ಕೋಟಿ ಡಾಲರ್ ಕೊಟ್ಟು ತಂದಿದ್ದರು. ಬ್ರ್ಯಾಂಟ್ ಅಗ್ಗಕ್ಕೆ ಆಡುತ್ತಿದ್ದರಿಂದಲೇ ಲೆಸ್ಟರ್‌ಗೆ ಅಷ್ಟು ಕೊಡಲು ಸಾಧ್ಯವಾಯಿತು. ಈ ಕೊಂಡಿ ನೆನಪಿಟ್ಟುಕೊಳ್ಳಿ.

ಮುಂದೆ 2021ರ ಜುಲೈನಲ್ಲಿ ಕಬ್ಸ್ ಬ್ರ್ಯಾಂಟ್‌ನನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಕೊಟ್ಟು ಇಬ್ಬರು ಪ್ರಾಸ್ಪೆಕ್ಟ್‌ಗಳನ್ನು ತಂದಿತು. ಆ ಒಂದು ದಿನ ಹಿಡಿದಿಡದಿದ್ದರೆ 2021ರಲ್ಲಿ ಕೊಡಲು ಅವನೇ ಇರುತ್ತಿರಲಿಲ್ಲ. ಆದರೆ ಬಂದ ಇಬ್ಬರು ಹುಡುಗರೂ ಹೇಳಿಕೊಳ್ಳುವಷ್ಟು ಬೆಳೆಯಲಿಲ್ಲ. ಬ್ರ್ಯಾಂಟ್ 2022ರ ಮಾರ್ಚ್‌ನಲ್ಲಿ, 30 ತುಂಬಿದ ಮೇಲೆ, ಕೊಲೊರಾಡೊ ರಾಕೀಸ್ ಜೊತೆ ಏಳು ವರ್ಷಕ್ಕೆ 18.2 ಕೋಟಿ ಡಾಲರ್‌ಗೆ ಸಹಿ ಹಾಕಿದ. ಬೆನ್ನು ಕೈಕೊಟ್ಟಿತು. ಮೊದಲ ನಾಲ್ಕು ಸೀಸನ್‌ನಲ್ಲಿ ಆಡಿದ್ದು 42, 80, 37 ಮತ್ತು 11 ಪಂದ್ಯ. ಒಟ್ಟು 170. ಒಂದು ಸೀಸನ್‌ನಲ್ಲೇ 162 ಪಂದ್ಯ ಇರುತ್ತವೆ, ನೆನಪಿರಲಿ.

ಒಳ್ಳೆಯ ವರ್ಷಗಳ ದುಡ್ಡು ಕೆಟ್ಟ ವರ್ಷಗಳಲ್ಲಿ ಬಂತು, ಅದೂ ಬೇರೆ ತಂಡದಿಂದ. ಬ್ರ್ಯಾಂಟ್‌ನ ತಪ್ಪು ಏನೂ ಇಲ್ಲ. ವ್ಯವಸ್ಥೆಯೇ ಹಾಗಿದೆ. ಬ್ಯಾಟರ್‌ಗಳು ಸಾಮಾನ್ಯವಾಗಿ 26ರಿಂದ 29ರೊಳಗೆ ಚೆನ್ನಾಗಿ ಆಡುತ್ತಾರೆ, ಆ ವರ್ಷಗಳು ಬೆಳೆಸಿದ ತಂಡದ ಕೈಯಲ್ಲಿರುತ್ತವೆ. ಫಲಕ್ಕೆ ಬಂದ ತೋಟ ಕೊಳ್ಳುತ್ತೀರಿ ಅಂದುಕೊಳ್ಳಿ. ಆದರೆ ಮಾರಾಟಕ್ಕೆ ಬರುವುದೇ ಎಂಟು ಹತ್ತು ಒಳ್ಳೆಯ ಫಸಲು ಕೊಯ್ದಾದ ಮೇಲೆ, ಬೆಲೆ ಮಾತ್ರ ಹಳೆಯ ಫಸಲಿನ ಲೆಕ್ಕದಲ್ಲಿ.

ಹಾಗಾದರೆ ಹುಡುಗರನ್ನೇ ನೆಚ್ಚಿಕೊಂಡರೆ ಸಾಕಲ್ವಾ? ಸಾಲದು. ಬ್ರ್ಯಾಂಟ್ 2013ರಲ್ಲಿ ಎರಡನೇ ಆಯ್ಕೆ ಎಂದೆನಲ್ಲ, ಮೊದಲನೇ ಆಯ್ಕೆ ಯಾರು? ಮಾರ್ಕ್ ಅಪೆಲ್ ಎಂಬ ಪಿಚರ್, ಹ್ಯೂಸ್ಟನ್ ಆರಿಸಿದ್ದು. ಅವನು 2018ರಲ್ಲಿ ಆಟವನ್ನೇ ಬಿಟ್ಟುಹೋದ. ಆಮೇಲೆ ಮರಳಿ ಬಂದು 2022ರಲ್ಲಿ ಫಿಲಡೆಲ್ಫಿಯಾ ಪರವಾಗಿ ಮೊದಲ ಸಲ ಮೇಜರ್ ಲೀಗ್ ಆಡಿದಾಗ ವಯಸ್ಸು 30. ಇತ್ತ ಮುಂದೆ ದಿಗ್ಗಜರಾದವರನ್ನು ನೋಡಿ: ಮೈಕ್ ಟ್ರೌಟ್ 2009ರಲ್ಲಿ 25ನೇ ಆಯ್ಕೆ. ಆಲ್ಬರ್ಟ್ ಪೂಹೋಲ್ಸ್ 1999ರಲ್ಲಿ 13ನೇ ಸುತ್ತಿನವರೆಗೂ ಯಾರಿಗೂ ಬೇಡವಾಗಿದ್ದ. ಅಭಿಮಾನಿಗಳಾದ ನಾವು ಪ್ರಾಸ್ಪೆಕ್ಟ್‌ಗಳನ್ನು ಅಷ್ಟು ಪ್ರೀತಿಸುವುದು ಅವರು ಇನ್ನೂ ನಮ್ಮ ಮುಂದೆ ಸೋತಿಲ್ಲ ಎಂಬ ಕಾರಣಕ್ಕೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ಈಗ ನಿಮ್ಮ ಓರಿಯೋಲ್ಸ್‌ಗೆ ಬರೋಣ. ಆ ತಂಡ ಸುಮ್ನೆ ಕೈ ಕಟ್ಟಿ ಕೂತಿಲ್ಲ, ಕೈ ಸುಟ್ಟುಕೊಂಡಿದೆ. 2016ರ ಜನವರಿಯಲ್ಲಿ ತನ್ನದೇ ಬ್ಯಾಟರ್ ಕ್ರಿಸ್ ಡೇವಿಸ್‌ಗೆ ಏಳು ವರ್ಷಕ್ಕೆ 16.1 ಕೋಟಿ ಡಾಲರ್ ಕೊಟ್ಟಿತು. 2013ರಲ್ಲಿ 53, 2015ರಲ್ಲಿ 47 ಹೋಮ್ ರನ್ ಹೊಡೆದವನು. ಕೊಡದೆ ಇರುವುದು ಹೇಗೆ? 2018ರಲ್ಲಿ ಅವನ ಬ್ಯಾಟಿಂಗ್ ಸರಾಸರಿ .168ಕ್ಕೆ ಇಳಿಯಿತು, ಅಂದರೆ ನೂರು ಸಲಕ್ಕೆ ಹದಿನೇಳು ಹಿಟ್ ಕೂಡ ಇಲ್ಲ. 2019ರ ಏಪ್ರಿಲ್ ಹೊತ್ತಿಗೆ ಸತತ 54 ಸಲ ಹಿಟ್ ಇಲ್ಲದೆ ವಾಪಸಾಗಿ ಹೊಸ ದಾಖಲೆ ಬರೆದ. 2021ರಲ್ಲಿ ನಿವೃತ್ತಿ ಹೇಳಿದ. ಮುಂದಕ್ಕೆ ಹಾಕಿದ ಕಂತುಗಳನ್ನು ಮಾತ್ರ ತಂಡ 2037ರವರೆಗೆ ಕಟ್ಟಬೇಕು.

ಆ 2018ರಲ್ಲಿ ಓರಿಯೋಲ್ಸ್ ಸೋತಿದ್ದು 115 ಪಂದ್ಯ. ವರ್ಷದ ಕೊನೆಗೆ ತಂಡ ಕಟ್ಟುವ ಹೊಣೆ ಹೊತ್ತು ಮೈಕ್ ಎಲಿಯಾಸ್ ಬಂದರು. ಎಲ್ಲವನ್ನೂ ಬುಡದಿಂದ ಶುರು ಮಾಡಿದರು. 2019ರಲ್ಲಿ 108 ಸೋಲು, 2021ರಲ್ಲಿ 110. ಸೋತವರಿಗೆ ಆಗ ಡ್ರಾಫ್ಟ್‌ನಲ್ಲಿ ಮೊದಲ ಸರದಿ ಸಿಗುತ್ತಿತ್ತು. ಆ್ಯಡ್ಲಿ ರಚ್‌ಮನ್ 2019ರಲ್ಲಿ, ಜ್ಯಾಕ್ಸನ್ ಹಾಲಿಡೇ 2022ರಲ್ಲಿ, ಇಬ್ಬರೂ ಮೊದಲನೇ ಆಯ್ಕೆಗಳು. ಗನ್ನರ್ ಹೆಂಡರ್ಸನ್ ಎರಡನೇ ಸುತ್ತಿನಲ್ಲಿ ಸಿಕ್ಕ ನಿಧಿ. 2023ರಲ್ಲಿ 101 ಗೆಲುವು. ಊರಿಗೆ ಊರೇ ಕುಣಿಯಿತು.

ಆದರೆ ಅಕ್ಟೋಬರ್‌ನ ಪ್ಲೇಆಫ್‌ನಲ್ಲಿ ಟೆಕ್ಸಸ್ ರೇಂಜರ್ಸ್ ಅವರನ್ನು 3-0ಯಿಂದ ಮನೆಗೆ ಕಳಿಸಿತು. ಈ ರೇಂಜರ್ಸ್ ಹಿಡಿದಿದ್ದು ಬೇರೆ ದಾರಿ. 2021ರಲ್ಲಿ 102 ಪಂದ್ಯ ಸೋತು, ಅದೇ ಚಳಿಗಾಲದಲ್ಲಿ ಕೋರಿ ಸೀಗರ್‌ಗೆ 32.5 ಕೋಟಿ ಮತ್ತು ಮಾರ್ಕಸ್ ಸೆಮಿಯನ್‌ಗೆ 17.5 ಕೋಟಿ ಡಾಲರ್ ಸುರಿದಿತ್ತು. ಮರುವರ್ಷವೂ 94 ಸೋಲು, ಜನ ನಕ್ಕರು. ಅದರ ಮರುವರ್ಷ ವರ್ಲ್ಡ್ ಸೀರೀಸ್ ಕಪ್, ಸರಣಿಯ ಅತ್ಯುತ್ತಮ ಆಟಗಾರ ಸೀಗರ್. ದುಡ್ಡೇ ಗೆಲ್ಲಿಸಿತು ಎಂದು ಬರೆದವರು ಜಾಸ್ತಿ. ಆದರೆ ಆ ತಂಡದಲ್ಲಿ ಮನೆಯಲ್ಲೇ ಬೆಳೆದ ಜಾಶ್ ಯಂಗ್ ಇದ್ದ. ಸೆಪ್ಟೆಂಬರ್‌ನಲ್ಲಷ್ಟೇ ಬಂದ 21ರ ಇವಾನ್ ಕಾರ್ಟರ್ ಇದ್ದ. ಸೀಗರ್ ಸಹಿ ಹಾಕಿದಾಗ ಅವನಿಗೆ 27 ಎಂಬುದನ್ನೂ ಗಮನಿಸಿ. ಎಳೆ ವಯಸ್ಸಿನಲ್ಲೇ ಮೇಜರ್ ಲೀಗ್‌ಗೆ ಬಂದವರು ಮಾತ್ರ ಅಷ್ಟು ಬೇಗ ಮಾರುಕಟ್ಟೆಗೆ ಬರುತ್ತಾರೆ, ಅಂಥವರು ಅಪರೂಪ. ಅದೇ ರೇಂಜರ್ಸ್ 34ರ ಜೇಕಬ್ ಡಿಗ್ರಾಮ್‌ಗೂ 18.5 ಕೋಟಿ ಕೊಟ್ಟಿತ್ತು. ಕಪ್ ಗೆದ್ದ ಸೀಸನ್‌ನಲ್ಲಿ ಅವನು ಆರು ಪಂದ್ಯ ಎಸೆದು ಮೊಣಕೈ ಶಸ್ತ್ರಚಿಕಿತ್ಸೆಗೆ ಹೋದ.

ಈಗ ಬರ್ನ್ಸ್. 2024ರ ಫೆಬ್ರುವರಿಯಲ್ಲಿ ಓರಿಯೋಲ್ಸ್ ಅವನನ್ನು ಮಿಲ್ವಾಕಿಯಿಂದ ತಂದಿತು. ಜೋಯಿ ಒರ್ಟಿಜ್, ಡಿ.ಎಲ್. ಹಾಲ್ ಎಂಬ ಇಬ್ಬರು ಹುಡುಗರನ್ನೂ ಒಂದು ಡ್ರಾಫ್ಟ್ ಆಯ್ಕೆಯನ್ನೂ ಕೊಟ್ಟಿತು. ಅವನ ಕರಾರಿನಲ್ಲಿ ಉಳಿದಿದ್ದು ಒಂದೇ ವರ್ಷ. ನನ್ನ ಲೆಕ್ಕದಲ್ಲಿ ಇದು ಸರಿಯಾದ ವ್ಯವಹಾರ. ಒರ್ಟಿಜ್ ಒಳ್ಳೆಯ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್), ಆದರೆ ಹೆಂಡರ್ಸನ್ ಅಲ್ಲೇ ನಿಂತಿದ್ದಾನೆ, ಹಿಂದೆ ಹಾಲಿಡೇ ಬರುತ್ತಿದ್ದಾನೆ. ಅವನಿಗೆ ಜಾಗವೆಲ್ಲಿ? 101 ಪಂದ್ಯ ಗೆದ್ದ ತಂಡಕ್ಕೆ ಬೇಕಿದ್ದದ್ದು ಅಕ್ಟೋಬರ್‌ನ ಮೊದಲ ದಿನ ಚೆಂಡು ಎಸೆಯುವವನು. ಬರ್ನ್ಸ್ ಆ ಕೆಲಸ ಮಾಡಿದ. ಪ್ಲೇಆಫ್‌ನಲ್ಲಿ ಕ್ಯಾನ್ಸಸ್ ಸಿಟಿ ವಿರುದ್ಧ ಎಂಟು ಇನಿಂಗ್ಸ್ ಎಸೆದು ಒಂದೇ ಒಂದು ರನ್ ಕೊಟ್ಟ. ತಂಡ 1-0ಯಿಂದ ಸೋತಿತು! ಬ್ಯಾಟ್ ಎತ್ತಬೇಕಿದ್ದ ಹುಡುಗರು ಅಂದು ಎತ್ತಲಿಲ್ಲ. ಹುಡುಗರನ್ನು ಕೊಟ್ಟಿದ್ದೇ ತಪ್ಪು ಎಂದು ಆಮೇಲೆ ಹೇಳುವುದು ಸುಲಭ.

ಆ ಚಳಿಗಾಲದಲ್ಲಿ ಬರ್ನ್ಸ್ ಆರು ವರ್ಷಕ್ಕೆ 21 ಕೋಟಿ ಡಾಲರ್ ಪಡೆದು ಅರಿಜೋನಾ ಸೇರಿದ. 2025ರ ಜೂನ್‌ನಲ್ಲಿ ಅವನಿಗೂ ಮೊಣಕೈ ಶಸ್ತ್ರಚಿಕಿತ್ಸೆ. ಅಂದರೆ ನಿಮ್ಮ ತಂಡ ಅವನನ್ನು ಬಿಟ್ಟು ದುಡ್ಡು ಉಳಿಸಿಕೊಂಡಿತು, ಅದು ನಿಜ. ಆದರೆ ಪೂರ್ತಿ ಅಂಕ ಕೊಡಲಾರೆ. ಅವನ ಜಾಗಕ್ಕೆ ತಂದಿದ್ದು 41ರ ಚಾರ್ಲಿ ಮಾರ್ಟನ್ ಮತ್ತು 35ರ ತೊಮೊಯುಕಿ ಸುಗಾನೊ, ಇಬ್ಬರೂ ಒಂದೇ ವರ್ಷದ ಕರಾರಿಗೆ. ಎಲಿಯಾಸ್ ಮೊದಲ ಸುತ್ತಿನ ಡ್ರಾಫ್ಟ್‌ನಲ್ಲಿ ಬ್ಯಾಟರ್‌ಗಳನ್ನೇ ಆರಿಸುತ್ತಾ ಬಂದವರು. ಪಿಚರ್‌ಗಳ ತೋಳು ನಂಬಲಾಗದು ಎಂಬ ಲೆಕ್ಕವಿದ್ದರೆ ಅದು ಅರ್ಥವಾಗುವ ಮಾತು. ಆದರೆ ಬೆಳೆಸುವುದಿಲ್ಲ ಎಂದ ಮೇಲೆ ಕೊಳ್ಳಲೇಬೇಕು. ಎರಡನ್ನೂ ಅರ್ಧಂಬರ್ಧ ಮಾಡಿದ್ದು ಎಡವಟ್ಟಾಯಿತು. ಮನೆಯ ಪಿಚರ್ ಗ್ರೇಸನ್ ರಾಡ್ರಿಗ್ಸ್ ಗಾಯಗೊಂಡು ಇಡೀ 2025ರಲ್ಲಿ ಎಸೆಯಲೇ ಇಲ್ಲ. ಮೇ ತಿಂಗಳಲ್ಲಿ ಮ್ಯಾನೇಜರ್ ಬ್ರ್ಯಾಂಡನ್ ಹೈಡ್ ಕೆಲಸ ಹೋಯಿತು. ಕೊನೆಗೆ 75 ಗೆಲುವು, 87 ಸೋಲು.

ನನ್ನನ್ನು ಕೇಳಿದರೆ ಮೊದಲು ನೋಡಬೇಕಾದ್ದು ತಂಡ ಎಲ್ಲಿ ನಿಂತಿದೆ ಎಂಬುದನ್ನು. 65 ಗೆಲ್ಲುವ ತಂಡ ಸ್ಟಾರ್ ತಂದು 70 ಗೆದ್ದರೆ ಪ್ಲೇಆಫ್ ದೂರವೇ ಉಳಿಯುತ್ತದೆ, ದುಡ್ಡೂ ಹೋಯಿತು. 86 ಗೆಲ್ಲುವ ತಂಡ 91ಕ್ಕೆ ಹೋದರೆ ಅಕ್ಟೋಬರ್ ಆಟ ಬಹುಮಟ್ಟಿಗೆ ಖಚಿತ. ಅದೇ ಐದು ಗೆಲುವು, ಬೆಲೆ ಬೇರೆ. ಆಮೇಲೆ ಹುಡುಗನಿಗೆ ನಿಮ್ಮಲ್ಲಿ ಜಾಗ ಇದೆಯಾ ಅಂತ ನೋಡಬೇಕು. ಜಾಗವಿಲ್ಲದವನನ್ನು ಶಾಶ್ವತವಾಗಿ ಕೂಡಿಡಲು ನಿಯಮವೂ ಬಿಡುವುದಿಲ್ಲ. 18 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿಗೆ ಸಹಿ ಹಾಕಿದವನನ್ನು ಐದು ಸೀಸನ್ ಕಳೆಯುವಷ್ಟರಲ್ಲಿ ಮುಖ್ಯ ತಂಡದ 40 ಜನರ ಪಟ್ಟಿಗೆ ಸೇರಿಸಬೇಕು. ಇಲ್ಲದಿದ್ದರೆ ಡಿಸೆಂಬರ್‌ನ ರೂಲ್ 5 ಡ್ರಾಫ್ಟ್‌ನಲ್ಲಿ ಬೇರೆಯವರು ಎತ್ತಿಕೊಂಡು ಹೋಗುತ್ತಾರೆ. 1999ರಲ್ಲಿ ಹ್ಯೂಸ್ಟನ್ ಹೀಗೆ ಕಳೆದುಕೊಂಡ ಹುಡುಗ ಯೊಹಾನ್ ಸಂಟಾನ. ಮಿನ್ನೆಸೋಟ ಸೇರಿ 2004 ಮತ್ತು 2006ರಲ್ಲಿ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ.

ಕಳೆದ ಚಳಿಗಾಲದಲ್ಲಿ ಓರಿಯೋಲ್ಸ್ ನಿಮ್ಮ ಮಾತು ಕೇಳಿಸಿಕೊಂಡಂತಿದೆ. 2025ರ ನವೆಂಬರ್‌ನಲ್ಲಿ ಅದೇ ರಾಡ್ರಿಗ್ಸ್‌ನನ್ನು ಏಂಜಲ್ಸ್‌ಗೆ ಕೊಟ್ಟು, ಕರಾರಿನಲ್ಲಿ ಒಂದೇ ವರ್ಷ ಉಳಿದಿದ್ದ ಟೇಲರ್ ವಾರ್ಡ್‌ನನ್ನು ತಂದಿತು. ಡಿಸೆಂಬರ್‌ನಲ್ಲಿ 31ರ ಪೀಟ್ ಅಲೊನ್ಸೊಗೆ ಐದು ವರ್ಷಕ್ಕೆ 15.5 ಕೋಟಿ ಡಾಲರ್. ಡೇವಿಸ್‌ನಂತೆಯೇ ಇವನೂ ಫಸ್ಟ್ ಬೇಸ್‌ನವನು, ಇವನ ಕಸುಬೂ ಹೋಮ್ ರನ್. ಐದು ವರ್ಷಕ್ಕೆ ನಿಲ್ಲಿಸಿದ್ದು ಒಳ್ಳೆಯದಾಯಿತು ಎಂದಷ್ಟೇ ಹೇಳಬಲ್ಲೆ.

ದೊಡ್ಡ ಪರೀಕ್ಷೆ ಇನ್ನೂ ಮುಂದಿದೆ. ತಂಡ ಅದಕ್ಕೂ ಮುಂಚೆ ದೀರ್ಘ ಕರಾರಿಗೆ ಒಪ್ಪಿಸದಿದ್ದರೆ ರಚ್‌ಮನ್ 2027ರ ಸೀಸನ್ ನಂತರ ಫ್ರೀ ಏಜೆಂಟ್, ಹೆಂಡರ್ಸನ್ 2028ರ ನಂತರ. ಆಗ ಹೆಂಡರ್ಸನ್‌ಗೆ ಬರೀ 27, ಸೀಗರ್ ವಯಸ್ಸು. ಹ್ವಾನ್ ಸೋಟೊ 19ಕ್ಕೇ ಮೇಜರ್ ಲೀಗ್‌ಗೆ ಬಂದು 26ಕ್ಕೆ ಮಾರುಕಟ್ಟೆಗೆ ಬಂದಾಗ ನ್ಯೂಯಾರ್ಕ್ ಮೆಟ್ಸ್ 15 ವರ್ಷಕ್ಕೆ 76.5 ಕೋಟಿ ಡಾಲರ್ ಕೊಟ್ಟಿತು. ನೀವು ಕೂತು ನೋಡುತ್ತಿರುವ ಆ ಅಗ್ಗದ ಹುಡುಗನೇ ಅಂದು ಎಲ್ಲರೂ ಬಾಯಿಬಿಡುವ ಸ್ಟಾರ್. ಆ ಚಳಿಗಾಲದಲ್ಲೂ ಮರೆಯದೆ ಬರೆಯಿರಿ.